ಹಡಗಿನ ಪರಮಯ್ಯನ ಜಗಲಿ

ಬಹಳ ಹಿಂದೆ, ನನ್ನ ಅಜ್ಜಿ ಇನ್ನೂ ಲಂಗ ಉಟ್ಟು ಓಡಾಡುತ್ತಿದ್ದ ಕಾಲ ಅಂತಿಟ್ಟುಕೊಳ್ಳಿ, ಹೊಳೆ ಹೋಗಿ ಕಡಲು ಸೇರುವ ಕಡೆ ಅಳಿವೆಕೇರಿ ಅಂತ ಒಂದು ಊರಿತ್ತು. ಊರು ಈಗಲೂ ಇದೆ, ನೀವು ಪಾತ್ರೆ ತಿಕ್ಕುತ್ತ ಕೂತಿರುವ ಈ ಬಾವಿಕಟ್ಟೆಯೂ ಅದೇ ಊರಿನದು. ಆದರೆ ನಾನು ಹೇಳುವ ಕಾಲದ ಅಳಿವೆಕೇರಿ ಬೇರೆ. ಆಗ ರಸ್ತೆ ಇರಲಿಲ್ಲ. ಉಪ್ಪು, ಬೆಲ್ಲ, ಬಟ್ಟೆ, ಹಳೇ ಹಿತ್ತಾಳೆ, ಮದುವೆ ಗಂಡು, ಎಲ್ಲವೂ ನೀರಿನ ಮೇಲೇ ಬರಬೇಕಿತ್ತು.

ಆ ಊರಲ್ಲಿ ಪರಮಯ್ಯ ಅಂತ ಒಬ್ಬ ಕಂಚುಗಾರ ಇದ್ದನಂತೆ. ಜನ ಅವನನ್ನು ಹಡಗಿನ ಪರಮಯ್ಯ ಅನ್ನುತ್ತಿದ್ದರಂತೆ. ಹಡಗಿನ ಪರಮಯ್ಯ ಅಂದ ಕೂಡಲೆ ಏಳು ಕಡಲು ದಾಟಿ ಬಂದ ಗಟ್ಟಿಗ ಅಂದುಕೊಳ್ಳಬೇಡಿ. ಅವನಿಗೆ ನೀರು ಅಂದರೆ ಪ್ರಾಣಭಯ. ಹೊಳೆ ದಾಟುವ ದೋಣಿಗೆ ಕಾಲಿಟ್ಟರೆ ಸಾಕು, ತಲೆ ತಿರುಗಿ ಬೆಳಗಿನ ಗಂಜಿಯೆಲ್ಲ ಹೊರಗೆ. ಆಚೆ ದಡದಲ್ಲಿ ಮದುವೆ ಇದ್ದರೆ ಊರವರು ದೋಣಿ ಹತ್ತಿ ಹೋಗಿ ಉಂಡು ಕೈ ತೊಳೆಯುವ ಹೊತ್ತಿಗೆ ಇವನು ಗುಡ್ಡ ಸುತ್ತಿ ಬೆವರು ಒರೆಸುತ್ತ ಬರುತ್ತಿದ್ದನಂತೆ. ಪಾಯಸ ಅವನಿಗೆ ಸಿಕ್ಕಿದ್ದೇ ಇಲ್ಲವಂತೆ. ಅಂಥವನಿಗೆ ಹಡಗಿನ ಪರಮಯ್ಯ ಅಂತ ಹೆಸರು ಯಾಕೆ ಬಂತು? ಅದನ್ನೇ ಹೇಳುತ್ತಿದ್ದೇನೆ. ನೀನು ಅಷ್ಟು ಬೂದಿ ಸುರಿಯಬೇಡ ಹುಡುಗಿ, ಹುಣಸೆಹಣ್ಣು ಹಚ್ಚು ಮೊದಲು.

ಪರಮಯ್ಯನ ಕೈ ಒಳ್ಳೆಯ ಕೈ. ದೀಪ, ಗಂಟೆ, ತಂಬಿಗೆ, ಏನು ಮಾಡಿದರೂ ಹತ್ತೂರಿನವರು ಮೆಚ್ಚುತ್ತಿದ್ದರಂತೆ. ಮದುವೆಯ ಪಾತ್ರೆಗೆ ಹೆಸರು ಹಾಕುವುದರಲ್ಲಂತೂ ಅವನನ್ನು ಮೀರಿಸಿದವರಿಲ್ಲ. ಉಳಿ ಹಿಡಿದು ಟಿಕ್ ಟಿಕ್ ಅಂತ ಚುಕ್ಕಿ ಹೊಡೆದು ಹೆಣ್ಣಿನ ಹೆಸರು, ಗಂಡಿನ ಹೆಸರು ಬರೆಯುತ್ತಿದ್ದ. ಓದು ಬಾರದವರ ಮನೆಯದಾದರೆ ಪಕ್ಕದಲ್ಲಿ ಒಂದು ಗುರುತು, ಹೂವೋ ಹಕ್ಕಿಯೋ ಮೀನೋ ಕೆತ್ತಿ ಕೊಡುತ್ತಿದ್ದ.

ಕೆತ್ತುವಾಗ ಹಾಗೆ. ಕರಗಿಸುವಾಗ ಬೇರೆ. ಕಂಚುಗಾರರಲ್ಲಿ ಆಗ ಒಂದು ಕಟ್ಟಳೆ ಇತ್ತಂತೆ. ಲೋಹ ಕರಗಿಸುವ ಮೂಸೆಗೆ ಹೋಗುವ ಹಳೇ ಪಾತ್ರೆಯ ಹೆಸರು ಓದಬಾರದು. ಬೆಂಕಿಯ ಮುಂದೆ ಕೂತು ಹೆಸರು ಓದಿದರೆ ಆ ಮನುಷ್ಯನನ್ನು ಬೆಂಕಿಗೆ ಕರೆದ ಹಾಗೆ, ಅವನ ಆಯುಷ್ಯ ಸುಡುತ್ತದೆ ಅಂತ. ಅದಕ್ಕೆ ಹಳೇ ಪಾತ್ರೆ ಬಂದ ಕೂಡಲೆ ಮೈಗೆ ಕೆಮ್ಮಣ್ಣು ಬಳಿದು, ಬೋರಲು ಹಾಕಿ, ಮುಖ ಆಚೆ ತಿರುಗಿಸಿ ಒಡೆಯುತ್ತಿದ್ದರಂತೆ. ಪರಮಯ್ಯನ ಅಪ್ಪ ಹಾಗೇ ಮಾಡಿದ, ಅಜ್ಜ ಹಾಗೇ ಮಾಡಿದ, ಪರಮಯ್ಯನೂ ಹಾಗೇ ಮಾಡಿದ. ಕೆಟ್ಟ ಮನಸ್ಸಿನಿಂದಲ್ಲ, ಯಾರದೋ ಆಯುಷ್ಯ ಉಳಿಯಲಿ ಅಂತಲೇ.

ಅದೇ ಕೇರಿಯಲ್ಲಿ ಸೋಮಿ ಅಂತ ಒಬ್ಬಳು ಮೀನು ಹಿಡಿಯುವ ಹರಿಕಂತ್ರರ ಹೆಣ್ಣುಮಗಳು. ಗಂಡ ಜಟ್ಟು. ಬಲೆ ಬೀಸುತ್ತಿದ್ದವನು, ಆಮೇಲೆ ಹಡಗಿನ ಆಳು, ಖಲಾಸಿಯಾಗಿ ಹೊಗೆ ಉಗುಳುವ ಆಗಬೋಟು ಹತ್ತಿದ. ಆಗ ದೂರದ ದೊರೆಗಳೆಲ್ಲ ಸೇರಿ ದೊಡ್ಡ ಯುದ್ಧ ಹೂಡಿದ್ದರಂತೆ. ಕಡಲ ಮೇಲೂ ಯುದ್ಧವಂತೆ. ಹಡಗಿನ ಹೊಟ್ಟೆಯಲ್ಲಿ ಕಲ್ಲಿದ್ದಲು ಹಾಕುವುದಕ್ಕೆ ನಮ್ಮ ಕಡೆಯ ಹುಡುಗರನ್ನು ಕರೆದುಕೊಂಡು ಹೋದರಂತೆ. ಜಗಳ ಯಾರದೋ, ಬೆವರು ಇವರದು. ಜಟ್ಟು ಒಂದು ಸಲ ಮನೆಗೆ ಬಂದಿದ್ದ. ನಮ್ಮದು ಯುದ್ಧದ ಹಡಗು, ಅದರ ದೀಪದ ಮೇಲೆ, ಗಂಟೆಯ ಮೇಲೆ, ಗುಂಡಿಯ ಮೇಲೆ ಎಲ್ಲೆಲ್ಲೂ ಡೊಂಕು ಕುತ್ತಿಗೆಯ ಒಂದು ಹಕ್ಕಿ ಅಂತ ಹೆಂಡತಿಗೆ ಹೇಳಿದ್ದ. ಮತ್ತೆ ಹೊರಡುವಾಗ ಮದುವೆಯ ತಂಬಿಗೆ ಚೀಲಕ್ಕೆ ಹಾಕಿಕೊಂಡ. ಪರಮಯ್ಯನೇ ಮಾಡಿದ ತಂಬಿಗೆ. ಸೋಮಿ, ಜಟ್ಟು ಅಂತ ಎರಡು ಹೆಸರು, ಪಕ್ಕದಲ್ಲಿ ಬಾಲ ಎತ್ತಿದ ಒಂದು ಮೀನು. ದಡದ ಹಳೇ ದೋಣಿ, ಹುಟ್ಟು ಬಿಟ್ಟರೆ ಮನೆಯಲ್ಲಿ ಅವನದು ಅಂತ ಉಳಿದದ್ದು ಏನೂ ಇಲ್ಲ.

ಯುದ್ಧ ಮುಗಿಯಿತು ಅಂದರು. ಜಟ್ಟು ಬರಲಿಲ್ಲ. ಸತ್ತ ಅಂತಲೂ ಯಾರೂ ಹೇಳಲಿಲ್ಲ, ಇದ್ದಾನೆ ಅಂತಲೂ ಹೇಳಲಿಲ್ಲ. ಕೇರಿಯ ಹಿರಿಯರು ಬಂದು, ಅವನು ಮುಟ್ಟಿದ ಒಂದು ವಸ್ತು ಅಳಿವೆಯಲ್ಲಿ ತೇಲಿಬಿಟ್ಟು ತಲೆಗೆ ನೀರು ಹಾಕಿಕೋ, ನಮ್ಮಲ್ಲಿ ನಡೆದು ಬಂದದ್ದು ಹಾಗೆ, ಅಂದರಂತೆ. ಸೋಮಿ ಒಪ್ಪಲಿಲ್ಲ. ಇರುವವನನ್ನು ನಾನೇ ತೇಲಿಬಿಟ್ಟ ಹಾಗಾದರೆ ಆಮೇಲೆ ಯಾರನ್ನು ಕೇಳಲಿ, ನನಗೆ ಸುದ್ದಿ ಬೇಕು ಅಂದಳಂತೆ. ದಿನಾ ಸಂಜೆ ಹೊಸ್ತಿಲ ಹೊರಗೆ ಗಡಿಗೆಯಲ್ಲಿ ಕಾಲಿಗೆ ನೀರು ಇಡುತ್ತಿದ್ದಳು. ಬೆಳಿಗ್ಗೆ ಅದನ್ನು ಬಸಳೆ ಬುಡಕ್ಕೆ ಚೆಲ್ಲುತ್ತಿದ್ದಳು. ಇತ್ತ ಮುತ್ತೈದೆಯೂ ಅಲ್ಲ, ಅತ್ತ ವಿಧವೆಯೂ ಅಲ್ಲ. ಅರಿಶಿನ ಕುಂಕುಮಕ್ಕೆ ಕರೆಯುವವರು ಅವಳ ಮನೆ ಬಾಗಿಲಿಗೆ ಬಂದಾಗ ಕಣ್ಣು ತಪ್ಪಿಸಿ ಮುಂದೆ ಹೋಗುತ್ತಿದ್ದರಂತೆ. ಹೆಣ್ಣುಮಕ್ಕಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ, ನೀವು ಚಿಕ್ಕವರು, ನಿಮಗೆ ಗೊತ್ತಾಗಲಿಕ್ಕಿಲ್ಲ.

ಆ ವರ್ಷವೇ ಊರವರು ಅಳಿವೆಯ ದಿಬ್ಬದ ಮೇಲಿನ ಅಮ್ಮನ ಗುಡಿಗೆ ಒಂದು ಗಂಟೆ ಮಾಡಿಸುವ ಅಂತ ಹೊರಟರು. ದೋಣಿಗಳಿಗೆ ಸಂಜೆ ದಾರಿ ತಿಳಿಯಬೇಕಲ್ಲ. ಮನೆಮನೆಯಿಂದ ಒಡಕು ಗಂಗಾಳ, ಸೀಳಿದ ಚೊಂಬು ಕೂಡಿಸಿದರೂ ಸಾಲಲಿಲ್ಲ. ಮುಂಬಯಿ ಬಂದರಿನಿಂದ ಬಂದ ಒಂದು ಪತ್ತೇಮಾರಿಯಲ್ಲಿ, ಹಾಯಿಹಡಗು ಅದು, ಒಡೆದ ಯುದ್ಧನೌಕೆಗಳ ಹಿತ್ತಾಳೆಯ ಮೂಟೆ ಇತ್ತು. ಪರಮಯ್ಯ ಅದನ್ನು ತಂದ. ಕೆಮ್ಮಣ್ಣು ಬಳಿದ, ಬೋರಲು ಹಾಕಿದ, ಮುಖ ತಿರುಗಿಸಿ ಒಡೆದ, ಕರಗಿಸಿದ, ಎರೆದ. ಹಿತ್ತಾಳೆ ಸೇರಿದರೆ ಕಂಚಿನ ನಾದ ಕೆಡುತ್ತದೆ ಅನ್ನುತ್ತಾರೆ ಬಲ್ಲವರು. ಈ ಗಂಟೆಗೆ ಮಾತ್ರ ಕೆಡಲಿಲ್ಲ. ಬಡಿದರೆ ಒಳಗೊಳಗೇ ಯಾರೋ ಉಸಿರು ಹಿಡಿದು ಹಾಡಿದ ಹಾಗೆ ಕೇಳುತ್ತಿತ್ತಂತೆ.

ಗಂಟೆ ಕಟ್ಟಿದ ದಿನ ಪತ್ತೇಮಾರಿಯ ತಾಂಡೇಲ, ಹಡಗು ನಡೆಸುವವನು, ಸಂತೋಷದಿಂದ ಸೋಮಿಗೆ ಹೇಳಿದನಂತೆ, ನಿಮ್ಮ ಪರಮಯ್ಯನ ಕೈಯ ಚುಕ್ಕಿ ಇದ್ದ ಒಂದು ತಂಬಿಗೆ ಆ ಮೂಟೆಯಲ್ಲಿ ಊರಿಗೆ ಬಂತಲ್ಲ, ಬಾಲ ಎತ್ತಿದ ಮೀನಿನದು, ಯಾರದು ಅದು ಅಂತ.

ಸೋಮಿ ಓಡಿ ಬಂದಳು. ಕುಲುಮೆಯ ಮುಂದೆ ನಿಂತು ಕೇಳಿದಳು. "ಪರಮಣ್ಣ, ನನ್ನ ತಂಬಿಗೆ ಎಲ್ಲಿ?"

ಹೌದು ಅನ್ನಲಿಕ್ಕೆ ಪರಮಯ್ಯ ನೋಡಿರಲಿಲ್ಲ, ಅಲ್ಲ ಅನ್ನಲಿಕ್ಕೂ ನೋಡಿರಲಿಲ್ಲ. ತನ್ನದೇ ಕೈಯ ಚುಕ್ಕಿ, ತನ್ನದೇ ಮೀನು, ತಾನೇ ಮುಖ ತಿರುಗಿಸಿಕೊಂಡು ಒಡೆದಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ. ಅವನು ನೆಲದ ಮೇಲೆ ಕೂತು ಮಗುವಿನ ಹಾಗೆ ಅತ್ತನಂತೆ. ಸೋಮಿ ಅಳಲಿಲ್ಲವಂತೆ. ತಂಬಿಗೆ ಬಂತು ಅಂದರೆ ಅವರು ಸತ್ತರು ಅಂತಲೋ, ಅಥವಾ ಎಲ್ಲೋ ಮಾರಿಕೊಂಡು ಬದುಕಿದ್ದಾರೆ ಅಂತಲೋ ಅಂತ ಕೇಳಿದಳಂತೆ.

ಅವತ್ತು ಪರಮಯ್ಯ ಕುಲುಮೆ ಮುಟ್ಟಿ ಆಣೆ ಮಾಡಿದನಂತೆ. ಹಡಗಿನ ಹಿತ್ತಾಳೆಯನ್ನು ಇನ್ನು ಕರಗಿಸುವುದಿಲ್ಲ. ಒಂದೊಂದನ್ನೂ ತೊಳೆಯುತ್ತೇನೆ, ಒಂದೊಂದರ ಹೆಸರೂ ಓದುತ್ತೇನೆ. ಡೊಂಕು ಕುತ್ತಿಗೆಯ ಹಕ್ಕಿ ಸಿಗುವ ತನಕ, ತಂಗಿಗೆ ಸುದ್ದಿ ಸಿಗುವ ತನಕ.

ಹಾಗೆ ಶುರುವಾಯಿತು ನೋಡಿ. ಯಾವ ಪತ್ತೇಮಾರಿ ಬಂದರೂ ಪರಮಯ್ಯ ದಡದಲ್ಲಿ ಹಾಜರು. ದೋಣಿ ಹತ್ತುವುದಿಲ್ಲ, ಮೊಣಕಾಲು ನೀರಿನ ತನಕ ಬಂದು ಅಲ್ಲಿಂದಲೇ ಕೂಗುತ್ತಿದ್ದನಂತೆ, ಹಡಗಿನದು ಏನಾದರೂ ಇದೆಯೋ ಅಂತ. ತಾನು ಮಾಡಿದ ಹೊಸ ತಂಬಿಗೆ ಕೊಟ್ಟು ಹಳೇ ಹಡಗಿನ ದೀಪ ತರುತ್ತಿದ್ದ. ಲಂಗರಿನ ಗುರುತಿನ ಗುಂಡಿಗಳು, ಟೋಪಿಯ ಬಿಲ್ಲೆಗಳು, ಗಾಜು ಒಡೆದ ದಿಕ್ಸೂಚಿ, ನಾವಿಕರಿಗೆ ಸಾರಾಯಿ ಅಳೆದು ಹಾಕುತ್ತಿದ್ದ ಅಳತೆಯ ಕುಡಿಕೆ, ತಳ ಕಿತ್ತ ದುರ್ಬೀನು, ಕಿಟಕಿಯ ದುಂಡು ಬಳೆ, ಸೀಟಿ, ಗಂಟೆ. ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ತೊಳೆದು ಜಗಲಿಯ ಮೇಲೆ ಜೋಡಿಸುತ್ತಿದ್ದ. ಸುಂಕದ ಕಟ್ಟೆಯ ಪೇದೆಯ ಹತ್ತಿರ ಕೂತು ಇಂಗ್ಲಿಷ್ ಅಕ್ಷರ ಕಲಿತನಂತೆ. ಮಾತು ಅರ್ಥವಾಗುತ್ತಿರಲಿಲ್ಲ, ಹೆಸರು ಮಾತ್ರ ಗೊತ್ತಾಗುತ್ತಿತ್ತು. ಅವನಿಗೆ ಬೇಕಾಗಿದ್ದದ್ದೂ ಅಷ್ಟೇ.

ಜನ ನಗದೆ ಇರುತ್ತಾರೆಯೇ? ನೀರು ಕಂಡರೆ ಓಡುವವನ ಮನೆ ತುಂಬ ಹಡಗು ಅಂತ ನಕ್ಕರು. ಹಡಗಿನ ಪರಮಯ್ಯ ಅಂತ ಕರೆದರು. ಹೆಂಡತಿ ಭಾಗೀರಥಿ ನಗಲಿಲ್ಲ, ಬೈದಳು. ಮನೆಯಲ್ಲಿ ಅಕ್ಕಿ ಮಡಿಕೆ ಇಡಲಿಕ್ಕೆ ಜಾಗ ಇಲ್ಲ, ಬಾಣಂತನಕ್ಕೆ ಬಂದ ಮಗಳು ಹಡಗಿನ ದೀಪಕ್ಕೆ ಎಡವಿ ಬೀಳುತ್ತಾಳೆ ಅಂತ. ಕಡೆಗೆ ಬೈದು ಬೈದು ಸೋತು ಅವಳೇ ಆ ಸಾರಾಯಿ ಕುಡಿಕೆಯಲ್ಲಿ ಗಂಡನಿಗೆ ಮಜ್ಜಿಗೆ ಕೊಡಲಿಕ್ಕೆ ಶುರು ಮಾಡಿದಳಂತೆ. ಹೆಂಡತಿಯರ ಕೋಪ ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ.

ಆಮೇಲೆ ಜನ ಬರಲಿಕ್ಕೆ ಶುರು ಮಾಡಿದರು. ನೋಡಿ ನಗಲಿಕ್ಕೆ ಅಲ್ಲ, ಹುಡುಕಲಿಕ್ಕೆ. ಸೋಮಿಯ ಹಾಗೆ ಕಾಯುತ್ತಿದ್ದವರು ಕರಾವಳಿ ಉದ್ದಕ್ಕೂ ಇದ್ದರಲ್ಲ. ಅಂಕೋಲೆಯ ಕಡೆಯಿಂದ, ಭಟ್ಕಳದ ಕಡೆಯಿಂದ, ತಲೆಯ ಮೇಲೆ ಒಣಮೀನಿನ ಬುಟ್ಟಿ ಹೊತ್ತ ತಾಯಂದಿರು, ಕೋಲೂರಿದ ಅಪ್ಪಂದಿರು ಬರುತ್ತಿದ್ದರಂತೆ. ಜಗಲಿಯ ಮೇಲೆ ಒಂದೊಂದನ್ನೂ ಎತ್ತಿ ನೋಡುತ್ತಿದ್ದರಂತೆ. ಒಬ್ಬ ಮುದುಕ ಒಂದು ಸೀಟಿ ಎತ್ತಿಕೊಂಡು ಅದರ ಬಾಯಿಯ ಕಚ್ಚಿದ ಗುರುತಿನ ಮೇಲೆ ಬೆರಳಾಡಿಸಿ, ನನ್ನ ಮಗನಿಗೆ ಏನು ಕೊಟ್ಟರೂ ಕಚ್ಚುವ ಚಾಳಿ ಅಂದು, ಅಲ್ಲೇ ಕಂಬಕ್ಕೆ ಒರಗಿ ಕೂತುಬಿಟ್ಟನಂತೆ. ಅದು ಅವನ ಮಗನದೋ ಅಲ್ಲವೋ ದೇವರಿಗೇ ಗೊತ್ತು. ಪರಮಯ್ಯ ಸೀಟಿಯನ್ನು ಅವನ ಪಂಚೆಯ ಸೆರಗಿಗೆ ಕಟ್ಟಿ ಕಳಿಸಿದ. ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ.

ಕತೆಗಳು ಅಲ್ಲಿಂದ ಬೆಳೆದವು. ಪರಮಯ್ಯ ಹಿತ್ತಾಳೆಯ ಮೇಲೆ ಬೆರಳು ಬಡಿದರೆ ಯಾವ ಕಡಲಲ್ಲಿ ತೇಲಿದ ಹಡಗು ಅಂತ ಹೇಳುತ್ತಿದ್ದನಂತೆ. ಅಮಾವಾಸ್ಯೆಯ ದಿನ ಜಗಲಿಯ ಗಂಟೆಗಳು ತಾವಾಗೇ ಬಡಿದುಕೊಳ್ಳುತ್ತಿದ್ದವಂತೆ. ಒಡೆದ ದಿಕ್ಸೂಚಿಯ ಮುಳ್ಳು ಸತ್ತವನ ಮನೆಯ ಕಡೆ ತಿರುಗುತ್ತಿತ್ತಂತೆ. ನಾನು ಇದನ್ನೆಲ್ಲ ನಂಬುವವಳಲ್ಲ. ಹಾಗಂತ ಹೇಳದೆ ಬಿಡುವವಳೂ ಅಲ್ಲ.

ಇಷ್ಟೆಲ್ಲ ಬಂದರೂ ಡೊಂಕು ಕುತ್ತಿಗೆಯ ಹಕ್ಕಿ ಮಾತ್ರ ಬರಲಿಲ್ಲ. ಸೋಮಿ ದಿನಾ ಮೀನು ಮಾರಿ ಹೋಗುವಾಗ ಜಗಲಿಯ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಪರಮಯ್ಯ ತಲೆ ಅಲ್ಲಾಡಿಸುತ್ತಿದ್ದ. ಅವಳು ಮುಂದೆ ಹೋಗುತ್ತಿದ್ದಳು. ಅವಳ ತಲೆಕೂದಲು ನರೆಯಿತು, ಅವನ ಬೆನ್ನು ಬಾಗಿತು. ಸಂಜೆ ದಿಬ್ಬದ ಗಂಟೆ ಬಡಿಯುತ್ತಲೇ ಇತ್ತು. ಆ ಸದ್ದು ಕೇಳಿದಾಗಲೆಲ್ಲ ಪರಮಯ್ಯ ಕೈಯಲ್ಲಿದ್ದದ್ದು ಕೆಳಗಿಟ್ಟು ಕಿವಿ ಮುಚ್ಚಿಕೊಳ್ಳುತ್ತಿದ್ದನಂತೆ.

ಒಂದು ವರ್ಷ ಮಳೆಗಾಲ ಇನ್ನೇನು ಕಾಲಿಡಬೇಕು, ಆಗ ಕಡೆಯ ಪತ್ತೇಮಾರಿಯೊಂದು ತೆಂಕಣ ದಿಕ್ಕಿಗೆ ಹೋಗುತ್ತ ಅಳಿವೆಯ ಹೊರಗೆ ನಿಂತಿತು. ಅಳಿವೆಯ ಬಾಯಲ್ಲಿ ತೆರೆ ಎದ್ದಿತ್ತು, ದೊಡ್ಡ ಹಡಗು ಒಳಗೆ ಬರುವ ಹಾಗಿರಲಿಲ್ಲ. ಅದರ ದೋಣಿಯವನೊಬ್ಬ ದಡಕ್ಕೆ ಬಂದು ಹೇಳಿದ. ಕಣ್ಣೂರಿನ ಕಡೆಯ ಮೊಯ್ದು ಅಂತ ಒಬ್ಬ ಮುದುಕ ಖಲಾಸಿ ಮೇಲಿದ್ದಾನೆ, ಕಾಲು ಬಿದ್ದುಹೋಗಿದೆ, ಇಳಿಯಲಾರ. ಹೆಸರು ಓದುವ ಕಂಚುಗಾರ ಇರುವ ಊರು ಇದೇನಾ ಅಂತ ಕೇಳುತ್ತಿದ್ದಾನೆ. ಅವನ ಹತ್ತಿರ ಒಂದು ಗಂಟೆ ಇದೆ, ಹಕ್ಕಿಯದು. ಕೊಟ್ಟರೆ ಕಂಚುಗಾರನ ಕೈಗೇ ಕೊಡುತ್ತೇನೆ ಅನ್ನುತ್ತಾನೆ. ಇಳಿತ ಮುಗಿಯುವುದರೊಳಗೆ ಹಡಗು ಹೊರಡುತ್ತದೆ.

ಎಂಥ ಹಕ್ಕಿ ಅಂತ ಪರಮಯ್ಯ ಕೇಳಿದ. ದೋಣಿಯವನು ತನ್ನ ಕೈ ಮೇಲೆತ್ತಿ ಮಣಿಕಟ್ಟು ಬಾಗಿಸಿ ತೋರಿಸಿದನಂತೆ, ಕುತ್ತಿಗೆ ಹೀಗೆ ಅಂತ.

ಹೊಳೆ ದಾಟಲಾರದವನು ಕಡಲಿಗೆ ಹೋಗಬೇಕು. ಊರಿನ ಗಂಡಸರು ಈ ತೆರೆಯಲ್ಲಿ ಬೇಡ ಅಂದರು. ಸೋಮಿ ಜಟ್ಟುವಿನ ಹಳೇ ದೋಣಿಯನ್ನು ನೀರಿಗೆ ನೂಕಿ, ಸೀರೆ ಎತ್ತಿ ಕಚ್ಚೆ ಹಾಕಿ, ಹುಟ್ಟು ಹಿಡಿದು ನಿಂತಳಂತೆ. "ಹತ್ತು ಪರಮಣ್ಣ. ಕಣ್ಣು ಮುಚ್ಕಂಡ್ ಕೂತ್ಕ. ನೀರು ನಾ ನೋಡ್ಕಳ್ತೆ."

ಅವನು ಹತ್ತಿದ. ಕಣ್ಣು ಮುಚ್ಚಿದ. ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಗೊತ್ತಿದ್ದ ದೇವರ ಹೆಸರೆಲ್ಲ ಮುಗಿದ ಮೇಲೆ ಜಗಲಿಯ ಹಡಗುಗಳ ಹೆಸರನ್ನೇ ಜಪ ಮಾಡಿದನಂತೆ. ತೆರೆ ಎತ್ತಿತು, ಇಳಿಸಿತು. ಹೊಟ್ಟೆಯಲ್ಲಿದ್ದದ್ದೆಲ್ಲ ಕಡಲಿಗೆ ಅರ್ಪಣೆಯಾಯಿತು. ಸೋಮಿ ಗಂಡನ ಹುಟ್ಟು ಹಾಕುತ್ತಲೇ ಇದ್ದಳು.

ಪತ್ತೇಮಾರಿಯ ಮೇಲೆ ಮೊಯ್ದು ಕಂಬಳಿ ಹೊದ್ದು ಕೂತಿದ್ದ. ಮಡಿಲಲ್ಲಿ ಮಗುವಿನ ತಲೆಯಷ್ಟು ದೊಡ್ಡ ಗಂಟೆ, ಅದರ ಮೇಲೆ ಡೊಂಕು ಕುತ್ತಿಗೆಯ ಹಕ್ಕಿ. ನಾನು ಈ ಗಂಟೆಯ ಹಡಗಿನಲ್ಲಿ ಬೆಂಕಿಯ ಮುಂದೆ ಇದ್ದವನು, ಹಡಗು ಒಡೆಯುವಾಗ ಬೇಡಿಕೊಂಡು ಇದನ್ನು ಇಟ್ಟುಕೊಂಡೆ, ನನ್ನ ಕಾಲ ಮುಗಿಯಿತು, ನಿನ್ನ ಜಗಲಿಯ ಸುದ್ದಿ ನಮ್ಮೂರಿಗೂ ಬಂದಿದೆ ಅಂದನಂತೆ. ಪರಮಯ್ಯ ಒಂದೇ ಮಾತು ಕೇಳಿದ, ಜಟ್ಟು ಅಂತ ಯಾರಾದರೂ ಇದ್ದನೇ ಅಂತ.

ಮುದುಕ ಗಂಟೆಯ ಮೇಲೆ ಕೈಯಿಟ್ಟನಂತೆ. ಆಮೇಲೆ ಹೇಳಿದ. ಇದ್ದ. ನನ್ನ ಪಕ್ಕದಲ್ಲೇ ಕಲ್ಲಿದ್ದಲು ಹಾಕುತ್ತಿದ್ದ. ದೂರದ ಬಿಸಿ ಕಡಲೊಂದರಲ್ಲಿ ಜ್ವರ ಬಂತು. ನನ್ನ ತೊಡೆಯ ಮೇಲೇ ಹೋದ. ಬಟ್ಟೆ ಸುತ್ತಿ ನೀರಿಗೆ ಬಿಟ್ಟೆವು, ಈ ಗಂಟೆ ಬಡಿದು ಬಿಟ್ಟೆವು. ಅವನ ಒಂದು ತಂಬಿಗೆ ಇತ್ತು, ಮೀನಿನ ಗುರುತಿನದು. ಮನೆಗೆ ಮುಟ್ಟಿಸು ಅಂದಿದ್ದ. ನಾನು ಅದನ್ನು ಹಡಗಿನವರ ಕೈಗೆ ಕೊಟ್ಟೆ. ಅವರು ಮುಟ್ಟಿಸಿದರೋ ಹಿತ್ತಾಳೆ ರಾಶಿಗೆ ಎಸೆದರೋ ತಿಳಿಯಲಿಲ್ಲ. ಅವತ್ತಿನಿಂದ ನನಗೆ ಅದೊಂದೇ ಚಿಂತೆ. ಹೀಗೆ ಹೇಳಿ ಸೋಮಿಯ ಮುಖ ನೋಡಿದನಂತೆ. ಯಾರು ಅಂತ ಯಾರೂ ಹೇಳದಿದ್ದರೂ ಅವನಿಗೆ ತಿಳಿಯಿತು. "ತಂಗೀ, ಆ ತಂಬಿಗೆ ಮನೆ ಮುಟ್ಟಿತೋ?" ಅಂದ.

ಪರಮಯ್ಯ ತಲೆ ತಗ್ಗಿಸಿದ. ಈಗ ಇವಳು ಏನು ಹೇಳಿದರೂ ನಾನು ಕೇಳಬೇಕು ಅಂತ ಕೂತ.

ಗಾಳಿ ಬಿದ್ದಿತ್ತು, ಹೊತ್ತು ಮುಳುಗುತ್ತಿತ್ತು. ಅಷ್ಟರಲ್ಲಿ ದಡದಲ್ಲಿ, ದಿಬ್ಬದ ಮೇಲೆ, ಅಮ್ಮನ ಗುಡಿಯ ಗಂಟೆ ಬಡಿಯಿತು. ನೀರಿನ ಮೇಲೆ ಹಾದು ಆ ನಾದ ಹಡಗಿನ ತನಕ ಬಂತು. ಪರಮಯ್ಯನ ಕೈ ಕಿವಿಗೆ ಹೋಯಿತು. ಸೋಮಿ ಅವನ ಕೈ ಹಿಡಿದು ಕೆಳಗಿಳಿಸಿದಳಂತೆ. ಆಮೇಲೆ ದಡದ ಕಡೆ ತಿರುಗಿ, ಅಂಗಳದಿಂದ ಗಂಡ ಕರೆದರೆ ಒಳಗಿನಿಂದ ಓಗೊಡುವ ಹಾಗೆ, ಮೆಲ್ಲಗೆ "ಓ" ಅಂದಳಂತೆ.

"ಮುಟ್ತು ಅಣ್ಣ," ಅಂದಳು ಮೊಯ್ದುವಿಗೆ. "ಬಂದು ಸುಮಾರು ವರ್ಷ ಆಯ್ತು. ದಿನಾ ಕರೀತಿದ್ರು. ನಂಗೇ ತಿಳೀಲಿಲ್ಲ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ. ನನ್ನ ಅಜ್ಜಿ ಇಲ್ಲಿಗೆ ಬಂದಾಗಲೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನಗೂ ಈಗ ಹಾಗೇ ಆಗುತ್ತಿದೆ, ಆಗಲಿ ಬಿಡಿ.

ತಿರುಗಿ ಬರುವಾಗ ಪರಮಯ್ಯ ಹಕ್ಕಿಯ ಗಂಟೆಯನ್ನು ಮಡಿಲಲ್ಲಿಟ್ಟು ಕಣ್ಣು ಬಿಟ್ಟುಕೊಂಡೇ ಬಂದನಂತೆ. ವಾಂತಿ ಮಾತ್ರ ನಿಲ್ಲಲಿಲ್ಲವಂತೆ. ನಾನು ನೋಡದೆ ಕರಗಿಸಿಬಿಟ್ಟೆ ತಂಗೀ ಅಂತ ಅವನು ಮತ್ತೆ ಶುರು ಮಾಡಿದಾಗ ಸೋಮಿ ಹೇಳಿದಳಂತೆ, ನೀನು ತಂದು ಕೊಟ್ಟಿದ್ದರೆ ನಾನು ಅದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಿದ್ದೆ, ಈಗ ಅವರ ದನಿ ಕೇಳಿ ಊರಿನ ದೋಣಿಗಳೆಲ್ಲ ಮನೆಗೆ ಬರುತ್ತವೆ ಅಂತ.

ದಡಕ್ಕೆ ಬಂದವಳು ಮೊದಲು ಮನೆಗೆ ಹೋದಳು. ಹೊಸ್ತಿಲ ಹೊರಗೆ ಇಡುವ ಗಡಿಗೆಯನ್ನು ಎತ್ತಿಕೊಂಡು ದಿಬ್ಬ ಹತ್ತಿದಳು. ದೂರದಿಂದ ಬಂದವರಿಗೆ ಮೊದಲು ಕಾಲಿಗೆ ನೀರು ತಾನೇ? ಆ ನೀರನ್ನು ಗುಡಿಯ ಗಂಟೆಯ ಮೇಲೆ ಸುರಿದಳು. ಬಳೆಗಳನ್ನು ಯಾರೂ ಒಡೆಯಲಿಲ್ಲ, ಅವಳೇ ತೆಗೆದು ಗಂಟೆಯ ಸರಪಳಿಗೆ ಹಾಕಿದಳು ಅನ್ನುತ್ತಾರೆ. ತೇಲಿಬಿಡುವ ವಸ್ತು ಎಲ್ಲಿ ಅಂತ ಹಿರಿಯರು ಕೇಳಿದರಂತೆ. ಮನೆಗೆ ಬಂದವರನ್ನು ಯಾರಾದರೂ ಮತ್ತೆ ನೀರಿಗೆ ಬಿಡುತ್ತಾರೆಯೇ ಅಂದಳಂತೆ.

ಪರಮಯ್ಯ ಹೋಗಿ ಎಷ್ಟೋ ಕಾಲವಾಯಿತು, ಸೋಮಿಯೂ ಹೋದಳು. ಜಗಲಿಯ ಸಾಮಾನುಗಳನ್ನು ಭಾಗೀರಥಿ ಮಾರಲಿಲ್ಲ, ಕರಗಿಸಲೂ ಬಿಡಲಿಲ್ಲ. ಕೇರಿಯ ಮನೆಗೊಂದರಂತೆ ಹಂಚಿದಳು. ಯಾರಾದರೂ ಹುಡುಕಿಕೊಂಡು ಬಂದರೆ ಕೊಟ್ಟುಬಿಡಿ, ಬಾರದಿದ್ದರೆ ತೊಳೆದಿಡಿ ಅಂದಳಂತೆ. ನಮ್ಮ ದೇವರ ಗೂಡಿನಲ್ಲಿ ಇರುವ ಲಂಗರಿನ ಗುಂಡಿ ಅದೇ. ಅದು ನಮ್ಮದಲ್ಲ. ಯಾರದು ಅಂತ ಗೊತ್ತಿಲ್ಲ. ಅದಕ್ಕೇ ಹಬ್ಬಕ್ಕೆ ಮೊದಲು ತೊಳೆಯುವುದು ಅದನ್ನು.

ಮತ್ತೆ ಈ ಊರಿನ ಪದ್ಧತಿ ನಿಮಗೆ ಗೊತ್ತೇ ಇದೆ. ಬೇರೆ ಊರಲ್ಲಿ ಹಳೇ ಪಾತ್ರೆಯನ್ನು ತೂಕಕ್ಕೆ ಹಾಕಿ ಕಳಿಸುತ್ತಾರೆ. ಅಳಿವೆಕೇರಿಯಲ್ಲಿ ಹಾಗೆ ಕಳಿಸುವುದಿಲ್ಲ. ಮೊದಲು ಹುಣಸೆಹಣ್ಣು ಹಚ್ಚಿ ತೊಳೆಯಬೇಕು. ಅದರ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಬೇಕು. ಆ ಹೆಸರಿನವರು ಇರಲಿ ಇಲ್ಲದಿರಲಿ, ಮನೆಯವರಲ್ಲಿ ಒಬ್ಬರು ಅವರ ಪರವಾಗಿ ಓಗೊಡಬೇಕು. ಓ ಅನ್ನುವವರು ಇಲ್ಲದೆ ಇಲ್ಲಿ ಯಾರ ಹೆಸರೂ ಬೆಂಕಿಗೆ ಹೋಗುವುದಿಲ್ಲ.

ಆ ಒಡಕು ತಂಬಿಗೆ ತಿಕ್ಕಿ ಆಯಿತೇ? ಬೆಳಕಿಗೆ ಹಿಡಿ. ಚುಕ್ಕಿ ಕಾಣುತ್ತದಲ್ಲ, ಅದು ನನ್ನ ಅಜ್ಜಿಯ ಹೆಸರು. ಓದು ಮಗಾ, ಗಟ್ಟಿಯಾಗಿ ಓದು. ಓ ಅನ್ನಲಿಕ್ಕೆ ನಾನಿದ್ದೇನೆ.